ದಿರ್ಚೆ ಯಾರಿಗಾಗಿಯೂ ಕಾಯುತ್ತಿರಲಿಲ್ಲ

ದಿರ್ಚೆ ಪರೆಸ್ಕಿಯ ಗಂಡ ಅವಳನ್ನು ಬಿಟ್ಟು ಓಡಿಹೋದ ಎಂಬುದು ನಮ್ಮ ಓಣಿಯಲ್ಲಿ ಅಂಥ ದೊಡ್ಡ ಸುದ್ದಿಯೇನೂ ಆಗಲಿಲ್ಲ. ಓಡಿಹೋದದ್ದು ರೊವೀಗೊಗೆ ಎಂಬುದೇ ಸುದ್ದಿಯಾದದ್ದು. ಪ್ಯಾರಿಸಿಗೆ ಹೋಗಿದ್ದರೆ ಅದಕ್ಕೊಂದು ಗತ್ತಿರುತ್ತಿತ್ತು. ಅರ್ಜೆಂಟೀನಾಕ್ಕೆ ಹೋಗಿದ್ದರೆ ನಾವೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆವು. ರೊವೀಗೊ ಎಂದರೆ ಪೊ ನದಿಯ ಆಚೆಗಿನ ಊರು. ನಮ್ಮ ಫೆರಾರಾದಲ್ಲಿ ರೈಲು ಹತ್ತಿ ಒಂದು ಪೀಚ್ ಹಣ್ಣು ತಿಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಬಂದುಬಿಡುತ್ತದೆ. ಹೆಂಡತಿಯನ್ನು ಬಿಟ್ಟು ಹೋಗುವವನು ಇಷ್ಟು ಸೋಮಾರಿಯಾಗಬಾರದು ಎಂದು ಆಗಿನ್ನೂ ಬದುಕಿದ್ದ ನಮ್ಮಪ್ಪ ಅಂದಿದ್ದರು.

ನಾನು ಈವೊ ಬೊನೋರಾ. ಕಮಾನುಗಳ ಓಣಿಯ ತಿರುವಿನಲ್ಲಿ ನನ್ನದೊಂದು ಚೀಸ್ ಮತ್ತು ಒಣಮಾಂಸದ ಅಂಗಡಿಯಿದೆ. ಎದುರಿಗೇ ದಿರ್ಚೆಯ ಮನೆ. ನಡುವೆ ಇರುವುದು ಹೊಳೆಯ ಉರುಟುಕಲ್ಲು ಹಾಸಿದ ಓಣಿ, ಅದರ ಅಗಲ ಎರಡು ಸೈಕಲ್ ಎದುರುಬದುರಾದರೆ ಒಬ್ಬರು ಬೈದುಕೊಂಡು ಇಳಿಯಬೇಕಾಗುವಷ್ಟು. ಹಾಗಾಗಿ ಅವಳ ಮನೆಯ ವಿಷಯ ನನಗೆ ಗೊತ್ತಾಗದೆ ಇರುವುದಕ್ಕೆ ನಾನು ಕಿವುಡನಾಗಬೇಕಿತ್ತು. ಕಿವುಡನಾಗಿದ್ದರೂ ಪ್ರಯೋಜನವಿರಲಿಲ್ಲ. ದಿರ್ಚೆ ಸಕ್ಕರೆ ಕಾರ್ಖಾನೆಯಲ್ಲಿ ಮೂಟೆ ಹೊಲಿಯುವ ಯಂತ್ರದ ಪಕ್ಕ ಆಯುಷ್ಯದ ಅರ್ಧ ಭಾಗ ನಿಂತವಳು. ಆ ಯಂತ್ರದ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ಅವಳ ಗಂಟಲು ಹಾಗೇ ಜೋರಾಗಿ ಉಳಿದುಬಿಟ್ಟಿತ್ತು. ಅವಳು ಗುಟ್ಟು ಹೇಳಿದರೆ ಕೋಟೆಯ ಕಂದಕದಲ್ಲಿರುವ ಬಾತುಕೋಳಿಗಳಿಗೂ ತಿಳಿಯುತ್ತಿತ್ತು.

ಗಂಡ ಜೆಲಿಂದೊ ಮನೆಮನೆಯ ಬಿಸಿನೀರಿನ ಕೊಳವೆ ರಿಪೇರಿ ಮಾಡುತ್ತಿದ್ದ. ಮೊಣಕಾಲುಗಳನ್ನು ಆಚೀಚೆ ಚಾಚಿ ಕಪ್ಪೆಯ ಹಾಗೆ ಸೈಕಲ್ ತುಳಿಯುವವನು. ತುಳಿಯುವಾಗ ಅವನ ಮೂಗಿನಿಂದ ಸಣ್ಣಗೆ ಸೀಟಿ ಹೊರಡುತ್ತಿತ್ತು. ಒಂದು ಚಳಿಗಾಲ ಲುವಾನಾ ಎಂಬ ಕ್ಷೌರದವಳ ಅಂಗಡಿಯಲ್ಲಿ ಕೊಳವೆ ಒಡೆಯಿತು. ರಿಪೇರಿಗೆ ಜೆಲಿಂದೊ ಹೋದ. ವಸಂತ ಬಂದರೂ ರಿಪೇರಿ ಮುಗಿಯಲಿಲ್ಲ. ಆಮೇಲೆ ಲುವಾನಾ ತನ್ನ ತವರಾದ ರೊವೀಗೊದಲ್ಲೇ ಅಂಗಡಿ ತೆರೆದಳು, ಇವನು ಬೆನ್ನ ಹಿಂದೆ ಹೋದ. ಹೋಗುವ ದಿನ ದಿರ್ಚೆ ಊಟ ಮಾಡುತ್ತಿದ್ದಳಂತೆ. ಅವನು ಹೇಳುವುದನ್ನೆಲ್ಲ ಪೂರ್ತಿ ಕೇಳಿಸಿಕೊಂಡು, ನಿಮ್ಮಮ್ಮ ಕೊಟ್ಟ ಆ ದರಿದ್ರ ಬೀರುವನ್ನೂ ಹೊತ್ತುಕೊಂಡು ಹೋಗುತ್ತೀಯಾ ಎಂದಷ್ಟೇ ಕೇಳಿದಳಂತೆ. ಅವನು ಹೊತ್ತುಕೊಂಡು ಹೋಗಲಿಲ್ಲ.

ಮರುದಿನ ಅವಳು ನನ್ನ ಅಂಗಡಿಗೆ ಬಂದು ದಿನಾ ಒಯ್ಯುವುದರಲ್ಲಿ ಅರ್ಧ ಚೀಸ್ ಕೊಡು ಅಂದಳು. ಕಟ್ಟಿಕೊಟ್ಟೆ. ಬಾಗಿಲವರೆಗೆ ಹೋದವಳು ಅಲ್ಲೇ ಪೊಟ್ಟಣ ಹಿಡಿದುಕೊಂಡು ಓಣಿಯನ್ನು ನೋಡುತ್ತ ನಿಂತಳು. ಒಳಗೆ ಬಂದ ಗಿರಾಕಿಗಳು ಅವಳನ್ನು ಬಳಸಿಕೊಂಡು ಬಂದು ಬಳಸಿಕೊಂಡೇ ಹೋದರು. ಆಮೇಲೆ ತಿರುಗಿ ಬಂದು ಪೊಟ್ಟಣವನ್ನು ಮೇಜಿನ ಮೇಲೆ ಕುಕ್ಕಿ, "ಪೂರ್ತಿ ಕಟ್ಟು. ಅವನ ಪಾಲೂ ನಾನೇ ತಿಂತೀನಿ" ಅಂದಳು. ಅವಳ ಕಣ್ಣುಗಳು ಕೆಂಪಗಿದ್ದವು. ಅವಳ ಕಣ್ಣನ್ನು ಹಾಗೆ ನಾನು ನೋಡಿದ್ದು ಅದೊಂದೇ ಸಲ. ತಿಂದಳು ಕೂಡ. ವರ್ಷಗಳು ಕಳೆದಂತೆ ಆ ಎರಡನೇ ಪಾಲು ಎಲ್ಲಿ ಹೋಯಿತೆಂದು ನೋಡಿದವರಿಗೆ ಗೊತ್ತಾಗುತ್ತಿತ್ತು.

ನಿವೃತ್ತಿಯಾದ ಮೇಲೆ ಅವಳು ಚರ್ಚಿನ ಹಜಾರದಲ್ಲಿ ಇಸ್ಪೀಟು ಆಡುತ್ತಿದ್ದಳು. ದೇವರಲ್ಲಿ ನಂಬಿಕೆಯಿರಲಿಲ್ಲ, ಹಜಾರದಲ್ಲಿ ಹೀಟರು ಇತ್ತು. ಪಾದ್ರಿಯೇ ಅವಳ ಜೊತೆಗಾರ. ಇಬ್ಬರೂ ಮೋಸ ಮಾಡುತ್ತಿದ್ದರು, ಪಾದ್ರಿ ಆಮೇಲೆ ಪಶ್ಚಾತ್ತಾಪ ಪಡುತ್ತಿದ್ದರು. ಹೀಗೆ ಅವಳ ಬದುಕು ಯಾವ ತಂಟೆಯೂ ಇಲ್ಲದೆ ಸಾಗಿತ್ತು, ಹಳದಿ ಸೈಕಲ್ಲುಗಳು ಬರುವ ತನಕ.

ಹಳದಿ ಸೈಕಲ್ಲುಗಳನ್ನು ತಂದವಳು ಕಾತ್ಯಾ ಫೆಲ್ಲೋನಿ. ಕೊಪ್ಪಾರೊ ಕಡೆಯ ಹೆಂಗಸು, ಮೂವತ್ತೈದರ ಆಸುಪಾಸು, ಚುರುಕು. ಪ್ರವಾಸಿಗರಿಗೆ ಸೈಕಲ್ ಬಾಡಿಗೆಗೆ ಕೊಟ್ಟು, ತಾನೇ ಮುಂದೆ ಹೋಗುತ್ತ ಊರು ತೋರಿಸುವ ದಂಧೆ ಶುರು ಮಾಡಿದಳು. ನಮ್ಮೂರಲ್ಲಿ ಕೂಸು ತೊಟ್ಟಿಲಿನಿಂದ ಇಳಿಯುವುದೇ ಸೈಕಲ್ ಮೇಲೆ. ಇಲ್ಲಿನ ಅಜ್ಜಿಯರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ನಾಯಿಯ ಹಗ್ಗ ಹಿಡಿದು, ಪಕ್ಕದ ಸೈಕಲ್ಲಿನ ಗೆಳತಿಯೊಡನೆ ಸೊಸೆಯನ್ನು ಬೈಯುತ್ತ ಪೇಟೆಯೆಲ್ಲ ಸುತ್ತುತ್ತಾರೆ. ಇಂಥ ಊರಿನಲ್ಲಿ ಸೈಕಲ್ ಮೇಲೆ ಊರು ತೋರಿಸುವುದಕ್ಕೆ ಜನ ದುಡ್ಡು ಕೊಡುತ್ತಾರೆಂದರೆ ನಾವು ನಂಬಿರಲಿಲ್ಲ. ಕೊಟ್ಟರು. ಅದೂ ತಲೆಗೆ ಹೆಲ್ಮೆಟ್ ಕಟ್ಟಿಕೊಂಡು. ಫೆರಾರಾದಲ್ಲಿ ಹೆಲ್ಮೆಟ್ ಹಾಕಿ ಸೈಕಲ್ ತುಳಿಯುವುದೆಂದರೆ ಸ್ನಾನಕ್ಕೆ ಕೊಡೆ ಹಿಡಿದು ಹೋದಂತೆ.

ಈ ಹಳದಿ ಸಾಲು ಬಂದು ದಿನಾ ನಿಲ್ಲುತ್ತಿದ್ದದ್ದು ದಿರ್ಚೆಯ ಮನೆಯ ಮುಂದೆ. ಕಾತ್ಯಾ ಬೆರಳು ಮೇಲೆತ್ತಿ ಪರಭಾಷೆಯಲ್ಲಿ ಏನೋ ಹೇಳುತ್ತಾಳೆ, ಹೆಲ್ಮೆಟ್ಟುಗಳೆಲ್ಲ ಒಟ್ಟಿಗೆ ಮೇಲಿನ ಕಿಟಕಿಯತ್ತ ತಿರುಗುತ್ತವೆ, ಒಂದು ನಿಟ್ಟುಸಿರು ಹೊರಡುತ್ತದೆ, ಫೋಟೊ ತೆಗೆಯುತ್ತಾರೆ, ಹೋಗುತ್ತಾರೆ.

ಮೊದಲು ದಿರ್ಚೆಗೆ ಖುಷಿಯಾಯಿತು. ಕಿಟಕಿಗೆ ಹೊಸ ಪರದೆ ಹಾಕಿದಳು. ಆದರೆ ದಿನ ಹೋದಂತೆ ಪ್ರವಾಸಿಗರ ವರ್ತನೆ ವಿಚಿತ್ರವಾಗತೊಡಗಿತು. ಒಬ್ಬಳು ಎದೆಗೆ ಕೈಯಿಟ್ಟು ತಲೆಬಾಗಿ ಹೋದಳು. ಯಾರೋ ಹೊಸ್ತಿಲ ಮೇಲೆ ಬಿಳಿ ಗುಲಾಬಿಗಳನ್ನಿಟ್ಟರು. ಬೆಲ್ಜಿಯಂನ ಮುದುಕನೊಬ್ಬ ಕಿಟಕಿಯ ಕೆಳಗೆ ನಿಂತು ಹಾಡಿದ, ಕೆಟ್ಟದಾಗಿ. ಒಂದು ಬೆಳಿಗ್ಗೆ ದಿರ್ಚೆ ಕಸದ ಚೀಲ ಹಿಡಿದು ಹೊರಗೆ ಬಂದಾಗ ಒಬ್ಬ ದಪ್ಪ ಹೆಂಗಸು ಓಡಿಬಂದು ಅವಳನ್ನು ತಬ್ಬಿಕೊಂಡು ಗಳಗಳನೆ ಅತ್ತಳು. ಬಿಡಿಸಿಕೊಳ್ಳಲು ನೋಡಿದಷ್ಟೂ ಬಿಗಿಯಾಗಿ ತಬ್ಬಿದಳು. ಕಸದ ಚೀಲ ಇಬ್ಬರ ನಡುವೆ ಸಿಕ್ಕಿ ಒಡೆಯಿತು.

ತನ್ನ ಮನೆಯಲ್ಲಿ ಯಾರೋ ದೊಡ್ಡ ಮನುಷ್ಯ ಹುಟ್ಟಿರಬೇಕೆಂದು ದಿರ್ಚೆ ಲೆಕ್ಕ ಹಾಕಿದಳು. ಪಾದ್ರಿಯನ್ನು ಕೇಳಿದಳು. ಆ ಮನೆಯಲ್ಲಿ ಹಿಂದೆ ಒಬ್ಬ ಹಗ್ಗ ಹೊಸೆಯುವವ ತನ್ನದೇ ಹಗ್ಗಕ್ಕೆ ನೇಣು ಹಾಕಿಕೊಂಡದ್ದು ಬಿಟ್ಟರೆ ಬೇರೇನೂ ನಡೆದಿಲ್ಲ ಎಂದು ಅವರು ಹೇಳಿದರು. ಅದಕ್ಕೆ ಗುಲಾಬಿ ಯಾಕಿಡುತ್ತಾರೆ? ಕೊನೆಗೆ ಅವಳು ನನ್ನ ಅಂಗಡಿಗೆ ಬಂದು, ಭಾನುವಾರದ ಪ್ರವಾಸ ನಮ್ಮ ಭಾಷೆಯಲ್ಲೇ ಇರುತ್ತದೆ, ಬೇರೆ ಊರುಗಳ ನಮ್ಮ ಜನ ಬರುತ್ತಾರೆ, ನಾನೂ ಹೋಗುತ್ತೇನೆ ಎಂದಳು. ಕಾತ್ಯಾ ಗುರುತು ಹಿಡಿಯುತ್ತಾಳಲ್ಲ ಅಂದೆ.

"ಹೆಲ್ಮೆಟ್ ಹಾಕ್ಕೊಂಡೋರ ಮುಖ ಈ ಊರಲ್ಲಿ ಯಾರಾದ್ರೂ ನೋಡ್ತಾರೇನೋ? ನಾನು ಉದಿನೆ ಊರಿನೋಳು ಅಂತೀನಿ. ನೀನೂ ಬಾ, ನನ್ನ ಗಂಡ ಅಂತ."

"ನಾನ್ಯಾಕೆ?"

"ಹೆಂಗಸು ಒಬ್ಬಳೇ ಬಂದ್ರೆ ಎಲ್ಲಾರೂ ಮಾತಾಡಿಸ್ತಾರೆ. ಪಕ್ಕದಲ್ಲಿ ನೀನಿದ್ರೆ ಯಾರೂ ಹತ್ರ ಬರಲ್ಲ."

ನನ್ನ ಹೆಂಡತಿ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು, ಭಾನುವಾರ ನನಗೆ ಬೇರೆ ಕೆಲಸವೂ ಇರಲಿಲ್ಲ. ಹೋದೆ. ಆ ಒಂದು ಬೆಳಿಗ್ಗೆ ದಿರ್ಚೆಯ ಗಂಡನಾಗಿದ್ದು ಜೆಲಿಂದೊನ ಕಷ್ಟ ನನಗೆ ಸ್ವಲ್ಪ ಅರ್ಥವಾಯಿತೆಂದು ಇಲ್ಲಿ ಹೇಳಿಬಿಡುತ್ತೇನೆ. ಸೈಕಲ್ಲಿನ ಸೀಟು ಎತ್ತರವಾಯಿತೆಂದು ಬೈದಳು, ತಗ್ಗಿಸಿದರೆ ತಗ್ಗಾಯಿತೆಂದು ಬೈದಳು. ಉದಿನೆಯವರು ಮೆಲ್ಲಗೆ ಮಾತಾಡುತ್ತಾರೆಂದು ನಾನು ಪಿಸುಗುಟ್ಟಿದ್ದಕ್ಕೆ, ನೀನು ಉದಿನೆಗೆ ಹೋಗಿದ್ದೀಯಾ ಎಂದು ಚೌಕಕ್ಕೆಲ್ಲ ಕೇಳುವಂತೆ ಕೇಳಿದಳು.

ಮೊದಲು ಕಾತ್ಯಾ ಕೋಟೆಯ ಮುಂದೆ ನಿಲ್ಲಿಸಿದಳು. ನಮ್ಮ ಹಳೆಯ ಡ್ಯೂಕ್ ಒಬ್ಬ ತನ್ನ ಎಳೆಯ ಹೆಂಡತಿಗೂ ಹಿರಿಯ ಮಗನಿಗೂ ಸಂಬಂಧವಿದೆಯೆಂದು ತಿಳಿದು ಇಬ್ಬರ ತಲೆಯನ್ನೂ ಇಲ್ಲಿಯೇ ಕಡಿಸಿದ ಎಂದು ಕಾತ್ಯಾ ಹೇಳಿದಳು.

"ಯಾಕೆ, ಆ ಕಾಲದಲ್ಲಿ ರೊವೀಗೊ ಇರಲಿಲ್ವಾ?" ಎಂದಳು ದಿರ್ಚೆ.

ಕಾತ್ಯಾ ಅನುಮಾನದಿಂದ ನಮ್ಮ ಕಡೆ ನೋಡಿದಳು. ನಾನು ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡಿಕೊಂಡೆ.

ಅಂತೂ ನಮ್ಮದೇ ಓಣಿಗೆ ಬಂದೆವು. ಕಾತ್ಯಾ ದಿರ್ಚೆಯ ಮನೆಯ ಮುಂದೆ ಕಾಲೂರಿ, ಸ್ವರ ತಗ್ಗಿಸಿ, ಕಥೆ ತೆಗೆದಳು. ಈ ಮನೆಯಲ್ಲಿ ಒಬ್ಬ ಹೆಂಗಸಿದ್ದಾಳೆ. ಅವಳ ಗಂಡ ತುತ್ತೂರಿ ನುಡಿಸುವವನು, ಸುಂದರಾಂಗ. ಒಂದು ಮಂಜು ಮುಸುಕಿದ ನಸುಕಿನಲ್ಲಿ, ವಿಧಿ ಕರೆದಂತೆ, ಅವನು ಹೊರಟುಹೋದ. ಅಂದಿನಿಂದ ಇಂದಿನವರೆಗೆ ಪ್ರತಿ ಸಂಜೆ ಆ ಹೆಂಗಸು ಮೇಲಿನ ಆ ಚಿಕ್ಕ ಕಿಟಕಿಯಲ್ಲಿ ದೀಪವಿಡುತ್ತಾಳೆ, ಮಂಜಿನಲ್ಲಿ ಅವನಿಗೆ ದಾರಿ ತಪ್ಪದಿರಲಿ ಎಂದು. ಅವಳು ಇನ್ನೂ ಕಾಯುತ್ತಿದ್ದಾಳೆ.

ಎಲ್ಲ ಹೆಲ್ಮೆಟ್ಟುಗಳೂ ಮೇಲೆ ನೋಡಿದವು. ನಿಟ್ಟುಸಿರು ಹೊರಟಿತು. ಅದರ ಹಿಂದೆಯೇ ದಿರ್ಚೆಯ ಸ್ವರ ಹೊರಟಿತು.

"ಅದು ಕಕ್ಕಸಿನ ದೀಪ."

ಹೆಲ್ಮೆಟ್ ಕಿತ್ತು ಹ್ಯಾಂಡಲಿಗೆ ನೇತುಹಾಕಿದಳು. ಕಾತ್ಯಾಳ ಮುಖ ಕೊಬ್ಬಿನ ಬಣ್ಣಕ್ಕೆ ತಿರುಗಿತು. ದಿರ್ಚೆ ಒಂದೊಂದೇ ಹೇಳಿದಳು: ಈ ಮನೆ ತನ್ನದು, ಗಂಡ ತುತ್ತೂರಿಯವನಲ್ಲ, ಶೀತ ಬಂದಾಗ ಮೂಗು ಬಿಟ್ಟರೆ ಬೇರೇನನ್ನೂ ಊದಿದವನಲ್ಲ, ಅವನು ಹೋದದ್ದು ನಸುಕಿನಲ್ಲಲ್ಲ, ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಕರೆದದ್ದು ವಿಧಿಯಲ್ಲ, ಕ್ಷೌರದವಳು, ಮೆಟ್ಟಿಲು ಕತ್ತಲಾದ್ದರಿಂದ ಕಕ್ಕಸಿನ ದೀಪ ಉರಿಯುತ್ತಿರುತ್ತದೆ, ಬಿದ್ದು ಸೊಂಟ ಮುರಿದುಕೊಳ್ಳುವ ಆಸೆ ತನಗಿಲ್ಲ. ತಾನು ಯಾರಿಗೂ ಕಾಯುತ್ತಿಲ್ಲ.

ಇಷ್ಟು ಹೇಳಿದ ಮೇಲೆ ಪ್ರವಾಸಿಗರು ತನ್ನ ಪಕ್ಷ ವಹಿಸುತ್ತಾರೆಂದು ಅವಳು ಎಣಿಸಿದ್ದಳು. ಅವರಿಗೆ ಕಾತ್ಯಾಳ ಕಥೆಯೇ ಹಿಡಿಸಿತ್ತು. ತೊರಿನೊದಿಂದ ಬಂದಿದ್ದ ಒಬ್ಬ ನಿವೃತ್ತ ಟೀಚರು ದಿರ್ಚೆಯ ತೋಳು ಸವರಿ, "ನಿಮಗೇ ಗೊತ್ತಿರಲ್ಲಮ್ಮ. ಇಷ್ಟು ಸಿಟ್ಟು ಇದೆ ಅಂದ್ರೆ ಒಳಗೆಲ್ಲೋ ಕಾಯ್ತಾನೇ ಇದ್ದೀರಿ" ಎಂದಳು. ಮಿಕ್ಕವರು ತಲೆದೂಗಿದರು. ದಿರ್ಚೆ ಹ್ಯಾಂಡಲಿನಿಂದ ಹೆಲ್ಮೆಟ್ ತೆಗೆದು ಕಾತ್ಯಾಳ ಕೈಗೆ ತುರುಕಿ, ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪ್ರವಾಸಿಗರನ್ನು ಕಳಿಸಿಕೊಟ್ಟು ಕಾತ್ಯಾ ಸಂಜೆ ನನ್ನ ಅಂಗಡಿಗೆ ವಾಪಸು ಬಂದಳು, ಅಲ್ಲಿದ್ದ ದಿರ್ಚೆಯ ಕ್ಷಮೆ ಕೇಳಲು. ಕಥೆ ತನ್ನದಲ್ಲ, ಒಬ್ಬ ಗಿರಾಕಿ ಹೇಳಿದ್ದು ಎಂದಳು. ರೊವೀಗೊದಿಂದ ಬರುವ ವಯಸ್ಸಾದ ಮನುಷ್ಯ. ತಿಂಗಳ ಮೊದಲ ಭಾನುವಾರ ತಪ್ಪದೆ ಬಂದು ಅದೇ ಪ್ರವಾಸವನ್ನು ಮತ್ತೆ ಮತ್ತೆ ಮಾಡುತ್ತಾನೆ. ಬರುವಾಗಲೇ ಮನೆಯಿಂದ ಹೆಲ್ಮೆಟ್ ಹಾಕಿಕೊಂಡು ಬಂದಿರುತ್ತಾನೆ, ಕೊನೆಯ ತನಕ ತೆಗೆಯುವುದಿಲ್ಲ. ಈ ಮನೆಯ ಮುಂದೆ ಎಲ್ಲರ ಹಿಂದೆ ನಿಂತು ಮೂಗು ಒರೆಸಿಕೊಳ್ಳುತ್ತಾನೆ.

ದಿರ್ಚೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತಳು. "ಸೈಕಲ್ ತುಳಿಯೋವಾಗ ಮೂಗಲ್ಲಿ ಸೀಟಿ ಬರುತ್ತಾ?"

"ಹೌದಮ್ಮ. ನಾನು ಸೈಕಲ್ಲಿಂದಲೇ ಬರ್ತಿದೆ ಅಂತ ಎರಡು ಸಲ ಎಣ್ಣೆ ಬಿಟ್ಟೆ."

ಓಡಿಹೋದ ಗಂಡ ಹುಟ್ಟಿದೂರಿಗೆ ಮುಖ ತೋರಿಸಲಾಗದೆ, ದುಡ್ಡು ಕೊಟ್ಟು, ಪ್ರವಾಸಿಗನ ವೇಷದಲ್ಲಿ ತನ್ನದೇ ಬೀದಿಗಳನ್ನು ನೋಡಿಕೊಂಡು ಹೋಗುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ. ದಿರ್ಚೆ ನಗಲಿಲ್ಲ. ಅವಳು ಎದ್ದು ಮನೆಗೆ ಹೋಗಿ ಕಕ್ಕಸಿನ ದೀಪ ಆರಿಸಿದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಏನೋ ಬಿದ್ದ ಸದ್ದಾಯಿತು, ಬೈಗುಳ ಕೇಳಿಸಿತು, ದೀಪ ಮತ್ತೆ ಹೊತ್ತಿತು.

ಮುಂದಿನ ತಿಂಗಳ ಮೊದಲ ಭಾನುವಾರ ನಾವು ಮತ್ತೆ ಉದಿನೆಯ ಗಂಡಹೆಂಡಿರಾಗಿ ಕೋಟೆಯ ಹತ್ತಿರ ನಿಂತಿದ್ದೆವು. ಈ ಸಲ ಕಾತ್ಯಾಗೆ ಎಲ್ಲ ಗೊತ್ತಿತ್ತು. ಅವಳು ಹೆಲ್ಮೆಟ್ಟುಗಳನ್ನು ಎರಡೆರಡು ಸಲ ಎಣಿಸುತ್ತಿದ್ದಳು. ಜೆಲಿಂದೊ ಬಂದ. ಕುಗ್ಗಿಹೋಗಿದ್ದ, ಆದರೆ ಇಸ್ತ್ರಿ ಮಾಡಿದ ಚಡ್ಡಿ. ಸೈಕಲ್ಲಿಗೆ ಮೀನಿನ ಗಾಳ ಕಟ್ಟಿದ್ದ. ಕೇಳಿದವರಿಗೆ, ಮನೆಯಲ್ಲಿ ಮೀನು ಹಿಡಿಯಲು ಹೋಗುತ್ತೇನೆಂದು ಹೇಳಿ ಬಂದಿದ್ದೇನೆ ಎಂದು ತಾನೇ ಹೇಳಿಕೊಂಡ. ಹೆಲ್ಮೆಟ್ ಹಾಕಿದವರ ಮುಖವನ್ನು ಯಾರೂ ನೋಡುವುದಿಲ್ಲವೆಂಬ ದಿರ್ಚೆಯ ಮಾತು ನಿಜವಾಯಿತು. ಅವನು ಅವಳನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕೋಟೆಗೋಡೆಯ ಮೇಲಿನ ದಾರಿಯಲ್ಲಿ ಅವಳು ಅವನ ಪಕ್ಕಕ್ಕೆ ಸೈಕಲ್ ಬಿಟ್ಟಳು. ನಾನು ಹಿಂದಿನಿಂದ ಕಿವಿಗೊಟ್ಟೆ. ಅವಳು ಪಿಸುಮಾತಿನಲ್ಲಿ, ಅಂದರೆ ಬೇರೆಯವರು ಮಾತಾಡುವಷ್ಟು ಸ್ವರದಲ್ಲಿ, ಎಲ್ಲಿಯವರೆಂದು ಅವನನ್ನು ಕೇಳಿದಳು. ಹುಟ್ಟಿದ್ದು ಇಲ್ಲೇ ಎಂದ. ಮುಂದೆ ಒಂದು ಮನೆ ಬರುತ್ತದೆ, ಅದರ ಕಥೆಯನ್ನು ಗಮನವಿಟ್ಟು ಕೇಳಿ ಎಂದ. ಆಮೇಲೆ ಅವನಿಗೇ ತಡೆಯಲಾಗಲಿಲ್ಲ.

"ಯಾರಿಗೂ ಹೇಳ್ಬೇಡಿ. ಆ ಹೆಂಗಸು ಕಾಯ್ತಿರೋದು ನನಗೇ."

"ಹಾಗಂತ ಅವಳು ಹೇಳಿದ್ಲಾ?"

"ಹೇಳೋದೇನಿದೆ? ದೀಪ ಇಡ್ತಾಳಲ್ಲ. ಒಂದು ಸಲ ರೈಲು ತಪ್ಪಿ ಕತ್ತಲಾಯ್ತು, ಆವಾಗ ಕಣ್ಣಾರೆ ನೋಡಿದೆ. ಕೆಳಗೆ ನಿಂತಿದ್ದೆ, ತುಂಬಾ ಹೊತ್ತು."

"ಮತ್ತೆ ಬೆಲ್ ಒತ್ತೋದಲ್ವಾ?"

"ಅಯ್ಯೋ, ಬೈತಾಳೆ."

"ಕಾಯ್ತಿರೋ ಹೆಂಗಸು ಯಾಕೆ ಬೈತಾಳೆ?"

"ನಿಮಗೆ ಅವಳು ಗೊತ್ತಿಲ್ಲ. ಅವಳು ಕಾಯ್ತಾನೂ ಬೈತಾಳೆ."

ದಿರ್ಚೆಯ ಬೆನ್ನು ಅಲುಗಿತು. ಅಳುತ್ತಿದ್ದಾಳೋ ಏನೋ ಎಂದು ನಾನು ಪೆಡಲು ಜೋರಾಗಿ ತುಳಿದು ಪಕ್ಕಕ್ಕೆ ಬಂದೆ. ಅವಳು ನಗು ತಡೆಯಲು ಹೆಲ್ಮೆಟ್ಟಿನ ಪಟ್ಟಿಯನ್ನು ಕಚ್ಚಿಕೊಂಡಿದ್ದಳು.

ಅವಳ ಯೋಜನೆ ಏನಿತ್ತೆಂದರೆ, ಮನೆಯ ಮುಂದೆ ಎಲ್ಲರೂ ನಿಂತಾಗ ಹೆಲ್ಮೆಟ್ ತೆಗೆದು, ಎಲ್ಲರೆದುರು ಅವನ ಮಾನ ಕಳೆಯುವುದು. ಬೈಯಬೇಕಾದದ್ದನ್ನು ವಾರವಿಡೀ ನನ್ನ ಮುಂದೆ ಹೇಳಿ ಹೇಳಿ ಅಭ್ಯಾಸ ಮಾಡಿದ್ದಳು, ನನಗೇ ಬಾಯಿಪಾಠವಾಗಿತ್ತು. ಅದಾವುದೂ ಬೇಕಾಗಲಿಲ್ಲ. ಓಣಿಗೆ ತಿರುಗುತ್ತಲೇ ಜೆಲಿಂದೊ ಕತ್ತೆತ್ತಿ ಕಿಟಕಿಯನ್ನೇ ನೋಡುತ್ತ ಬಂದ. ಮುಂದಿನ ಚಕ್ರ ಉರುಟುಕಲ್ಲುಗಳ ಮೇಲೆ ಜಾರಿ ಗಟಾರಕ್ಕೆ ಇಳಿಯಿತು. ಸೈಕಲ್, ಗಾಳ, ಮನುಷ್ಯ ಎಲ್ಲ ಒಂದೇ ಗಂಟಾಗಿ ನನ್ನ ಅಂಗಡಿಯ ಬಾಗಿಲಿಗೆ ಬಂದು ಬಿತ್ತು.

"ಜೆಲಿಂದೊ, ಕತ್ತೆ, ಮುಂದೆ ನೋಡ್ಕೊಂಡು ತುಳಿ ಅಂತ ನಿನಗೆ ಎಷ್ಟು ಸಲ ಹೇಳೋದು."

ಸಕ್ಕರೆ ಕಾರ್ಖಾನೆಯ ಸ್ವರ. ಓಣಿಯ ಕಿಟಕಿಗಳೆಲ್ಲ ತೆರೆದವು. ಜೆಲಿಂದೊ ಮಲಗಿದಲ್ಲಿಂದ ಏಳಲಿಲ್ಲ. ಕಣ್ಣು ಮುಚ್ಚಿಕೊಂಡೇ, ಸುತ್ತ ನಿಂತ ಪ್ರವಾಸಿಗರಿಗೆ, "ನೋಡಿದ್ರಾ? ಬೈತಾಳೆ ಅಂತ ಹೇಳಿರ್ಲಿಲ್ವಾ?" ಅಂದ.

ಅವನನ್ನು ಎತ್ತಿ ಒಳಗೆ ತಂದು ಸ್ಟೂಲಿನ ಮೇಲೆ ಕೂರಿಸಿದೆವು. ಮಣಿಕಟ್ಟು ಬಾತುಕೊಂಡಿತ್ತು. ಮಂಜುಗಡ್ಡೆ ಇರಲಿಲ್ಲ, ತಣ್ಣಗಿದ್ದ ಒಂದು ದಪ್ಪ ಮಾಂಸದುಂಡೆಯನ್ನು ಕೈಮೇಲಿಟ್ಟೆ. ಪ್ರವಾಸಿಗರನ್ನು ಮುಂದಕ್ಕೆ ಹೊರಡಿಸಲು ಕಾತ್ಯಾ ಪಾಡುಪಟ್ಟಳು, ಯಾರೂ ಕದಲಲಿಲ್ಲ. ಎಲ್ಲರೂ ಹೆಲ್ಮೆಟ್ ಸಮೇತ ನನ್ನ ಅಂಗಡಿಯೊಳಗೆ ತುಂಬಿಕೊಂಡರು. ಸುಮ್ಮನೆ ನಿಲ್ಲಲು ಸಂಕೋಚವಾಗಿ ಚೀಸ್ ಕೊಂಡರು.

ಆಗ ಜೆಲಿಂದೊನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವನ ಕೈ ಬರುವಂತಿರಲಿಲ್ಲ. ದಿರ್ಚೆ ತೆಗೆದುಕೊಂಡಳು.

"ಅವನು ಬಿದ್ದಿದ್ದಾನೆ" ಎಂದಳು. ಆ ಕಡೆಯಿಂದ ಏನೋ ಪ್ರಶ್ನೆ. "ಇಲ್ಲ, ನೀರಿಗಲ್ಲ. ನನ್ನ ಮನೆ ಮುಂದೆ." ಆ ಕಡೆಯಿಂದ ಇನ್ನೊಂದು ಪ್ರಶ್ನೆ. "ಯಾರು ಅಂತ ನಿನಗೆ ಗೊತ್ತಾಗಿದೆ" ಎಂದು ಹೇಳಿ ಇಟ್ಟಳು.

ಲುವಾನಾ ಪುಟ್ಟ ಬಿಳಿ ಕಾರಿನಲ್ಲಿ ಬಂದಳು. ರೊವೀಗೊ ಎಷ್ಟು ಹತ್ತಿರವೆಂಬುದು ಓಣಿಗೆ ಮತ್ತೊಮ್ಮೆ ಮನದಟ್ಟಾಯಿತು. ಅವಳಿಗೂ ವಯಸ್ಸಾಗಿತ್ತು, ಕೂದಲು ಮಾತ್ರ ಟೊಮೇಟೊ ಕೆಂಪು, ಒಂದೆಳೆಯೂ ಅತ್ತಿತ್ತ ಇರಲಿಲ್ಲ. ಬಾಗಿಲಲ್ಲಿ ನಿಂತು ಮೊದಲು ಜೆಲಿಂದೊನನ್ನು ನೋಡಿದಳು, ಆಮೇಲೆ ದಿರ್ಚೆಯನ್ನು. ದಿರ್ಚೆಯನ್ನು ಅಂದರೆ ದಿರ್ಚೆಯ ತಲೆಯನ್ನು.

"ಯಾರು ಕತ್ತರಿಸೋದು?" ಎಂದಳು.

"ನಾನೇ."

"ಗೊತ್ತಾಗುತ್ತೆ."

ದಿರ್ಚೆ ತನ್ನ ಕೂದಲನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಸ್ಟೂಲೊಂದನ್ನು ಅವಳತ್ತ ಕಾಲಿನಿಂದ ತಳ್ಳಿದಳು. ಲುವಾನಾ ಕೂತಳು. ತನಗೆ ಬಹಳ ದಿನದಿಂದ ಅನುಮಾನವಿತ್ತು ಎಂದು ಅವಳು ಜೆಲಿಂದೊನ ಕಡೆ ನೋಡದೆಯೇ ಹೇಳತೊಡಗಿದಳು. ನದಿಗೆ ಹೋಗುತ್ತೇನೆಂದು ಹೋದವನು ಸಮುದ್ರದ ಮೀನು ತರುತ್ತಿದ್ದ. ಅದೂ ಕರುಳು ತೆಗೆದು, ಪೊರೆ ಕೆರೆದು, ತೊಳೆದದ್ದು. ಪೊ ನದಿಯ ಮೀನುಗಳು ಹೊಟ್ಟೆ ತಾವೇ ಕುಯ್ದುಕೊಂಡು ಗಾಳಕ್ಕೆ ಸಿಗುತ್ತವೆಯೇ? ಯಾವಳೋ ಇದ್ದಾಳೆ ಎಂದು ಅವಳಿಗೆ ಖಾತ್ರಿಯಾಗಿತ್ತು.

"ನೀನು ಅಂತ ಮಾತ್ರ ಹೊಳೀಲಿಲ್ಲ ನೋಡು" ಎಂದಳು ದಿರ್ಚೆಗೆ. ಆ ಸ್ವರದಲ್ಲಿ ನಿಜವಾದ ಆಶ್ಚರ್ಯವಿತ್ತು, ಸ್ವಲ್ಪ ಅವಮಾನವೂ ಇತ್ತು.

"ನನಗೂ ಹೋದ ತಿಂಗಳೇ ಗೊತ್ತಾಗಿದ್ದು" ಎಂದಳು ದಿರ್ಚೆ.

ಜೆಲಿಂದೊ ಏನೋ ಹೇಳಲು ಹೋದ. ಇಬ್ಬರೂ ಒಟ್ಟಿಗೆ ಸುಮ್ಮನಿರು ಅಂದರು. ಅವನು ಮಾಂಸದುಂಡೆಯನ್ನು ಮಣಿಕಟ್ಟಿನ ಮೇಲೆ ಸರಿಯಾಗಿ ಇಟ್ಟುಕೊಂಡ.

"ನಿನಗೆ ಬೇಕಾ ಇವನು?" ಎಂದು ಲುವಾನಾ ಕೇಳಿದಳು. ಕುಹಕದಿಂದ ಕೇಳಲಿಲ್ಲ; ತಟ್ಟೆಯಲ್ಲಿ ಉಳಿದ ಕೊನೆಯ ತುಂಡನ್ನು ಎದುರಿನವರ ಮುಂದೆ ಹಿಡಿಯುವ ಹಾಗೆ ಕೇಳಿದಳು.

ದಿರ್ಚೆ ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ತರಚಿದ ಮೊಣಕಾಲು, ಇಸ್ತ್ರಿಯ ಗೆರೆ, ಓರೆಯಾದ ಹೆಲ್ಮೆಟ್ಟು, ಎಲ್ಲವನ್ನೂ. ನನಗೆ ಒಂದು ಕ್ಷಣ ಭಯವಾಯಿತೆಂದು ಒಪ್ಪಿಕೊಳ್ಳುತ್ತೇನೆ, ಯಾಕೆಂದು ಕೇಳಬೇಡಿ.

"ನೀನು ಹೋದ್ಮೇಲೆ ಮೊದಮೊದಲು ಕಾಯ್ತಿದ್ದೆ" ಎಂದಳು ಅವನಿಗೆ. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾವು ಕೇಳಿದ್ದು ಅದೇ ಮೊದಲು. "ಸೈಕಲ್ ಸದ್ದಾದ್ರೆ ಎದ್ದು ಕೂರ್ತಿದ್ದೆ. ಆಮೇಲೆ ನಿಂತುಹೋಯ್ತು. ಯಾವಾಗ ನಿಂತಿತು ಅಂತ ಗೊತ್ತೂ ಆಗಲಿಲ್ಲ. ಅದನ್ನ ಹೇಳೋಕೆ ಅಂತ ಯಾರಾದ್ರೂ ರೊವೀಗೊ ತನಕ ಹೋಗ್ತಾರಾ?"

ಜೆಲಿಂದೊ ಮೂಗು ಒರೆಸಿಕೊಂಡ. ಕ್ಷಮಿಸು ಎಂಬಂಥದ್ದೇನೋ ಅಂದ. ಆಯಿತು, ಹೋಗು ಎಂದಳು ದಿರ್ಚೆ, ಅಂಗಡಿಯಲ್ಲಿ ಚಿಲ್ಲರೆ ಇಲ್ಲದಾಗ ಗಿರಾಕಿ ಇರಲಿ ಬಿಡು ಅನ್ನುವಂತೆ. ಲುವಾನಾ ಎದ್ದು, ಬೇಡವೆನ್ನುತ್ತೀಯೆಂದು ಗೊತ್ತಿತ್ತು, ಮರ್ಯಾದೆಗೆ ಕೇಳಿದೆ ಎಂದಳು. ಹೋಗುವಾಗ ಕೈಚೀಲದಿಂದ ಕತ್ತರಿ ತೆಗೆದು, ಕೇಳದೆಯೇ, ದಿರ್ಚೆಯ ಕಿವಿಯ ಹಿಂದೆ ಎದ್ದುನಿಂತಿದ್ದ ಒಂದು ಗೊಂಚಲನ್ನು ಕಚಕ್ಕನೆ ಕತ್ತರಿಸಿದಳು. ಅದನ್ನು ಸಹಿಸಿಕೊಂಡು ಹೋಗುವುದು ತನ್ನ ಕೈಯಲ್ಲಿ ಆಗುವುದಿಲ್ಲ ಎಂದಳು. ದಿರ್ಚೆ ಕತ್ತು ಬಾಗಿಸಿ ಕೂತಿದ್ದಳು.

ಕಾರು ಓಣಿಯ ಬಾಯಿಂದ ಹಿಮ್ಮುಖವಾಗಿ ಹೋಗುವುದನ್ನು ಎಲ್ಲರೂ ನೋಡುತ್ತಿರುವಾಗ ಪ್ರವಾಸಿ ಹೆಂಗಸೊಬ್ಬಳು ನನ್ನ ಅಂಗಡಿಯ ಕಾಗದದಲ್ಲಿ ಕಣ್ಣೊರೆಸಿಕೊಂಡು, ಇದು ಪ್ರತಿ ಭಾನುವಾರವೂ ಇರುತ್ತದೆಯೇ, ತಂಗಿಯನ್ನೂ ಕಳಿಸಬೇಕಿತ್ತು ಎಂದು ಕಾತ್ಯಾಳನ್ನು ಕೇಳಿದಳು.

ಜೆಲಿಂದೊ ಮತ್ತೆ ಬರಲಿಲ್ಲ. ಅವನ ಮಣಿಕಟ್ಟು ಕೂಡಿತಂತೆ, ಸ್ವಲ್ಪ ಸೊಟ್ಟಗೆ. ಈಗ ನಿಜವಾಗಿಯೂ ಮೀನು ಹಿಡಿಯುತ್ತಾನೆ, ಲುವಾನಾ ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾಳೆ ಎಂದು ಆ ಕಡೆಯ ಹಾಲಿನ ವ್ಯಾಪಾರಿ ಹೇಳಿದ.

ಕಾತ್ಯಾ ಹೊಸ ಕಥೆಯನ್ನು, ಗಾಳ ಮತ್ತು ಮಾಂಸದುಂಡೆ ಸಮೇತ, ಹೇಳಲು ಅನುಮತಿ ಕೇಳಿದಳು. ಬೇಡ, ಸುಮ್ಮನೆ ಗಂಟೆ ಬಾರಿಸಿಕೊಂಡು ಮುಂದೆ ಹೋಗು ಎಂದಳು ದಿರ್ಚೆ. ಆದರೆ ತಾನು ಎರಡು ಸಲ ಪ್ರವಾಸಕ್ಕೆ ಬಂದರೂ ಎರಡು ಸಲವೂ ಅದು ಅರ್ಧಕ್ಕೇ ನಿಂತಿತು, ಮಿಕ್ಕರ್ಧ ತೋರಿಸು ಎಂದು ಹಟ ಹಿಡಿದಳು. ಕಾತ್ಯಾ ತೋರಿಸಿದಳು. ಹುಟ್ಟಿದಂದಿನಿಂದ ಯಾವ ಅರಮನೆಯ ಗೋಡೆಗೆ ಸೈಕಲ್ ಒರಗಿಸಿ ಮೂಲಂಗಿ ಕೊಳ್ಳುತ್ತಿದ್ದಳೋ ಅದರ ಒಳಗೆ ಅಂದು ಮೊದಲ ಸಲ ಕಾಲಿಟ್ಟಳು. ಮೇಲ್ಚಾವಣಿಯ ಚಿತ್ರಗಳನ್ನು ಬಾಯಿ ತೆರೆದು ನೋಡಿ, ಇಷ್ಟೊಂದು ಬತ್ತಲೆ ಜನರಿಗೆ ಚಳಿಗಾಲದಲ್ಲಿ ಹೀಟರು ಯಾವುದಿತ್ತು ಎಂದು ಕೇಳಿದಳು.

ಅಲ್ಲಿಂದ ಅವಳಿಗೆ ಹುಚ್ಚು ಹಿಡಿಯಿತು. ಈಗ ತಿಂಗಳಿಗೊಂದು ಊರು. ರೈಲಿನಲ್ಲಿ ಹೋಗುವುದು, ಅಲ್ಲಿ ಬಾಡಿಗೆಯ ಸೈಕಲ್ ಹಿಡಿಯುವುದು, ಹೆಲ್ಮೆಟ್ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ನಿಲ್ಲುವುದು. ನಾನೂ ಹೋಗುತ್ತೇನೆ, ಸೀಟು ಏರಿಸಿ ಇಳಿಸಲು ಯಾರಾದರೂ ಬೇಕಲ್ಲ. ಮಾಂತುವಾದಲ್ಲಿ ಗೈಡು ಒಂದು ಹಳೆಯ ಮನೆ ತೋರಿಸಿ, ಇಲ್ಲಿ ಒಬ್ಬ ವಿಧವೆ ಎರಡು ನಾಯಿಗಳೊಂದಿಗೆ ಇದ್ದಾಳೆ, ಯಾರನ್ನೂ ಒಳಗೆ ಬಿಡುವುದಿಲ್ಲ ಎಂದ. ಎಲ್ಲರೂ ನೋಡಿ ಮುಂದೆ ಹೋದರು. ದಿರ್ಚೆ ಮಾತ್ರ ಹಿಂದುಳಿದು ಪರದೆಯ ಸಂದಿಯಲ್ಲಿ ಇಣುಕಿದಳು. ಪರರ ಮನೆಯಲ್ಲಿ ಇಣುಕಬಾರದೆಂದು ನಿನಗಾದರೂ ತಿಳಿದಿರಬೇಕಲ್ಲ ಅಂದೆ.

"ಬಾಯ್ಮುಚ್ಕೋ. ನಾಯಿ ಮೂರಿದೆ" ಎಂದಳು.

ಮುಂದಿನ ತಿಂಗಳು ಲ್ಯೂಬ್ಲಿಯಾನಾ. ಅವಳು ದೇಶದ ಗಡಿ ದಾಟುವುದು ಇದೇ ಮೊದಲು. ಅಲ್ಲಿಯವರ ಭಾಷೆಯಲ್ಲಿ ಒಂದೇ ಒಂದು ವಾಕ್ಯವನ್ನು ಕಾತ್ಯಾಳಿಂದ ಹೇಳಿಸಿಕೊಂಡು ಕಲಿಯುತ್ತಿದ್ದಾಳೆ: ಈ ಸೈಕಲ್ಲಿನ ಬ್ರೇಕು ಸರಿಯಿಲ್ಲ, ಬೇರೆ ಕೊಡಿ. ಬೆಳಿಗ್ಗೆ ಕಿಟಕಿ ತೆರೆದು, ತನ್ನ ಮಾಮೂಲಿ ಸ್ವರದಲ್ಲಿ, ಮತ್ತೆ ಮತ್ತೆ ಹೇಳಿ ಅಭ್ಯಾಸ ಮಾಡುತ್ತಾಳೆ. ಓಣಿಗೆಲ್ಲ ಬಾಯಿಪಾಠವಾಗಿದೆ. ಮೊನ್ನೆ ಪಾದ್ರಿ ಪ್ರವಚನದ ನಡುವೆ ಬಾಯಿ ತಪ್ಪಿ ಅದನ್ನೇ ಹೇಳಿದರು. ಯಾರೂ ನಗಲಿಲ್ಲ, ಎಲ್ಲರೂ ಆಮೆನ್ ಅಂದರು.